ಗಿಲಾಸ್ ಅಂದರೆ ಲೋಟ ಅಲ್ಲ

"ಗಿಲಾಸ್ ಬೇಕಾ?" ಅಂತ ತೋಟದ ಯಜಮಾನರು ಹಿಂದಿಯಲ್ಲಿ ಕೇಳಿದರು. ಅಮ್ಮ ಚೀಲದಿಂದ ತನ್ನ ಸ್ಟೀಲ್ ಲೋಟ ತೆಗೆದು ಮುಂದೆ ಹಿಡಿದಳು. ನೀರು ಕೊಡ್ತಾರೆ ಅಂದುಕೊಂಡಿದ್ದಳು, ಪಾಪ. ಅವರು ನಗುತ್ತಾ ಅದೇ ಲೋಟದ ತುಂಬ ಚೆರ್ರಿ ಸುರಿದರು. ಕಾಶ್ಮೀರದಲ್ಲಿ ಚೆರ್ರಿಗೆ ಗಿಲಾಸ್ ಅನ್ನುತ್ತಾರೆ.

ಜೂನ್ ಎರಡನೇ ವಾರ. ತುಲ್‌ಮುಲ್ಲಾದಲ್ಲಿ ಚಿನಾರ್ ಮರಗಳ ನೆರಳಿನಲ್ಲಿ ಖೀರ್ ಭವಾನಿಯ ದರ್ಶನ ಮುಗಿಸಿ ಶ್ರೀನಗರಕ್ಕೆ ವಾಪಸ್ ಹೊರಟಿದ್ದೆವು. ಗಾಂದರ್‌ಬಲ್ ಜಿಲ್ಲೆಯ ಚೆರ್ರಿಗೆ ದೊಡ್ಡ ಹೆಸರು. ದಾರಿಯಲ್ಲಿ ಕೆಂಪು ಗೊಂಚಲು ಕಂಡದ್ದೇ ತಡ, ಅಮ್ಮ ಕಾರು ನಿಲ್ಲಿಸಿಬಿಟ್ಟಳು.

ಮೊದಲ ಹಣ್ಣು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಇದಕ್ಕೆ ಬಣ್ಣ ಹಾಕಿಲ್ವೇನೋ?" ಅಂದಳು. ಅವಳು ಕೇಳಿದ್ದು ಸರಿಯೇ. ನಮ್ಮ ಬೇಕರಿಗಳಲ್ಲಿ ಕೇಕಿನ ಮೇಲೆ ಕೂತಿರುವ 'ಚೆರ್ರಿ' ಹೆಚ್ಚಾಗಿ ನಮ್ಮೂರಿನ ಕವಳಿಕಾಯಿ. ಬೀಜ ತೆಗೆದು, ಸಕ್ಕರೆ ಪಾಕದಲ್ಲಿ ನೆನೆಸಿ, ಬಣ್ಣ ಬಳಿದು ಕೂರಿಸಿರುತ್ತಾರೆ. ಬೇಲಿಯಲ್ಲಿ ಕಿತ್ತು ಉಪ್ಪಿನಕಾಯಿ ಹಾಕುತ್ತಿದ್ದ ಕಾಯಿಯನ್ನೇ ಇಷ್ಟು ವರ್ಷ ಚೆರ್ರಿ ಅಂತ ತಿಂದೆವಲ್ಲ!

ತೋಟದಲ್ಲಿ ಎರಡು ಜಾತಿ ಇದ್ದವು, ಮಖ್ಮಲಿ ಮತ್ತು ಮಿಶ್ರಿ. ಮಖ್ಮಲಿ ಕಪ್ಪುಗೆಂಪು, ಮೆತ್ತಗೆ, ಕಚ್ಚಿದರೆ ರಸ ಮೊಣಕೈವರೆಗೆ ಇಳಿಯುತ್ತದೆ. ಮಿಶ್ರಿ ಗಟ್ಟಿ, ತುಂಬಾ ಸಿಹಿ. ಪೇಟೆಯಲ್ಲಿ ಮಿಶ್ರಿಗೇ ಬೇಡಿಕೆ ಜಾಸ್ತಿಯಂತೆ. ನನ್ನ ಓಟು ಮಖ್ಮಲಿಗೆ. ಅಂಗಿ ಹಾಳಾದರೂ ಪರವಾಗಿಲ್ಲ.

ನಾನೂ ಕೀಳಲು ಕೈ ಹಾಕಿ ಬೈಸಿಕೊಂಡೆ. ಹಣ್ಣನ್ನು ತೊಟ್ಟಿನ ಸಮೇತ ತಿರುಚಿ ಕೀಳಬೇಕು. ಎಳೆದರೆ ಬುಡದ ಗಿಣ್ಣು ಮುರಿದು ಬರುತ್ತದೆ. ಮುಂದಿನ ವರ್ಷದ ಹೂವು ಬಿಡಬೇಕಾದ್ದು ಅದೇ ಗಿಣ್ಣಿನಲ್ಲಿ. ಮಾವಿನ ಹಾಗೆ ಕಾಯಿ ಕಿತ್ತು ಹುಲ್ಲಿನಲ್ಲಿ ಹಣ್ಣು ಮಾಡೋಣ ಅಂದರೂ ಆಗದು. ಕಿತ್ತ ಮೇಲೆ ಚೆರ್ರಿ ಮಾಗುವುದಿಲ್ಲ. ಹಿಂದಿನ ರಾತ್ರಿ ಮಳೆ ಬಂದಿತ್ತು. ಮಾಗಿದ ಹಣ್ಣು ನೀರು ಕುಡಿದು ಸಿಪ್ಪೆ ಸೀಳಿಕೊಳ್ಳುತ್ತದೆ. ಸೀಳಿದ್ದನ್ನೆಲ್ಲ ಒಂದು ಬುಟ್ಟಿಗೆ ಹಾಕಿಟ್ಟಿದ್ದರು. ಆ ಬುಟ್ಟಿ ಅವತ್ತು ದೊಡ್ಡದಾಗಿತ್ತು. ಮೇ ಮಧ್ಯದಿಂದ ಜುಲೈ ಶುರುವಿನವರೆಗೆ ಅಷ್ಟೇ ಇವರ ಸುಗ್ಗಿ. ಅದರ ನಡುವೆ ಮಳೆ ಬರಬಾರದು, ಹಣ್ಣು ಸಾಗಿಸುವ ಹೆದ್ದಾರಿಯಲ್ಲಿ ಗುಡ್ಡ ಕುಸಿಯಬಾರದು.

ಜಹಾಂಗೀರ್ ಬಾದಶಹ ಈ ಹಣ್ಣಿನ ಬಗ್ಗೆ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅವನಪ್ಪ ಅಕ್ಬರ್ ಇದಕ್ಕೆ 'ಶಾಹ್ ಆಲೂ' ಅಂತ ಹೆಸರಿಟ್ಟಿದ್ದನಂತೆ. ಆಲೂ ಅಂದರೆ ಇಲ್ಲಿ ಬಟಾಟೆ ಅಲ್ಲ, ಆಲೂಬುಖಾರದ, ಅಂದರೆ ಪ್ಲಮ್ ಹಣ್ಣಿನ, ಆಲೂ.

ಅಮ್ಮನಿಗೆ ಬೇಕಿದ್ದದ್ದು ಬೇರೆ ಮಾಹಿತಿ: "ಶುಗರ್ ಇರೋರು ತಿನ್ನಬಹುದಾ?" 100 ಗ್ರಾಂ ಚೆರ್ರಿಯಲ್ಲಿ ಸುಮಾರು 60 ಕ್ಯಾಲೊರಿ, 2 ಗ್ರಾಂ ನಾರು, ಜೊತೆಗೆ ಪೊಟ್ಯಾಸಿಯಂ, ಒಂದಿಷ್ಟು ಸಿ ಜೀವಸತ್ವ ಇರುತ್ತದೆ. ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸುವ ಹಣ್ಣಲ್ಲ, ಒಂದು ಹಿಡಿ ತಿನ್ನು ಅಂದೆ. ಅವಳು ಎಣಿಸಿ ಹನ್ನೆರಡು ತಿಂದಳು. ಬುದ್ಧಿ ಹೇಳಿದ ನಾನು ಅರ್ಧ ಕಿಲೋ ಮುಗಿಸಿದೆ. ಚೆರ್ರಿಯಲ್ಲಿ ಸಾರ್ಬಿಟಾಲ್ ಅನ್ನೋ ಸಕ್ಕರೆ ಅಂಶ ಇದೆ, ಜಾಸ್ತಿಯಾದರೆ ಹೊಟ್ಟೆ ಸಡಿಲ. ಅದು ನನಗೆ ಅರ್ಥವಾದದ್ದು ಆ ರಾತ್ರಿ, ಹೌಸ್‌ಬೋಟಿನಲ್ಲಿ.

ವಾಪಸ್ ಬರುವಾಗ ಒಂದು ಕಿಲೋ ಪೆಟ್ಟಿಗೆ ತಂದೆವು. ತೊಟ್ಟು ಹಸಿರಿದ್ದದ್ದನ್ನೇ ಆರಿಸಿದ್ದೆ. ಅದು ಬಾಡಿದರೆ ಹಣ್ಣು ಹಳತು ಅಂತ ಲೆಕ್ಕ. ತಿನ್ನುವ ಮುಂಚೆ ಮಾತ್ರ ತೊಳೀರಿ ಅಂತ ಯಜಮಾನರು ಹೇಳಿ ಕಳಿಸಿದ್ದರು. ಬೆಂಗಳೂರಿಗೆ ಬಂದ ಮಾರನೇ ದಿನ ಅಮ್ಮ ಪಕ್ಕದ ಮನೆಯ ಹುಡುಗಿಗೆ ನಾಲ್ಕು ಕೊಟ್ಟಳು. ಅವಳು ಕಚ್ಚಿ, ಮುಖ ಕಿವುಚಿ, ಅಂಗೈ ಮೇಲೆ ಉಗುಳಿ ನೋಡಿದಳು.

"ಅಜ್ಜೀ, ಈ ಚೆರ್ರಿ ಒಳಗೆ ಯಾರೋ ಬೀಜ ಇಟ್ಟಿದಾರೆ!"