ಬೋಟ್ ಎಲ್ಲೈತಿ ಅಂತ ಕೇಳುವವರಿಗೆ

ನನ್ನ ತವರು ಘಟಪ್ರಭಾ. ಈಗ ಇರೋದು ಬಾಗಲಕೋಟೆಯ ನವನಗರದಲ್ಲಿ. ಚಳಿ ಶುರುವಾದರೆ ಸಾಕು, ಗಂಡನ ಮನೆ ಕಡೆಯವರು ಒಬ್ಬರಲ್ಲ ಒಬ್ಬರು ಫೋನ್ ಮಾಡುತ್ತಾರೆ. 'ನಿಮ್ಮೂರಾಗ ಪಕ್ಷಿಧಾಮ ಐತೆಲ್ಲ, ಹುಡುಗರನ್ನ ಕರ್ಕೊಂಡ್ ಹೋಗಬೇಕ್ರಿ. ಏನೇನ್ ಐತಿ ಅಲ್ಲಿ?' ನೀರೈತಿ, ಹಕ್ಕಿ ಅದಾವ ಅಂತೀನಿ. 'ಮತ್ತ? ಬೋಟ್ ಎಲ್ಲೈತಿ?'

ತಪ್ಪು ಅವರದ್ದಲ್ಲ ಬಿಡಿ. ಆಲಮಟ್ಟಿಯ ಗಾರ್ಡನ್ನು, ಸಂಗೀತ ಕಾರಂಜಿ ನೋಡಿ ಬೆಳೆದವರಿಗೆ ನೀರು ಅಂದಮೇಲೆ ಇಂಥದ್ದೆಲ್ಲ ಇರಲೇಬೇಕು ಅನ್ನಿಸುತ್ತದೆ. ಆದರೆ ನಮ್ಮ ಘಟಪ್ರಭಾ ಪಕ್ಷಿಧಾಮ ಇರೋ ಧೂಪದಾಳದ ನೀರು ಬೇರೆ ತರದ್ದು.

ಧೂಪದಾಳದಲ್ಲಿ ಇರೋದು ಘಟಪ್ರಭಾ ಹೊಳೆಗೆ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಕಲ್ಲಿನ ಒಡ್ಡು. ಎಡದಂಡೆ ಕಾಲುವೆ ಹೊರಡುವುದೂ ಇಲ್ಲಿಂದಲೇ. ಕಟ್ಟಿದ್ದು ಹೊಲಕ್ಕೆ ನೀರು ಹರಿಸಲು, ಹಕ್ಕಿಯ ವಿಚಾರ ಆಗ ಯಾರ ತಲೆಯಲ್ಲೂ ಇರಲಿಲ್ಲ. ನೂರು ವರ್ಷಕ್ಕೂ ಜಾಸ್ತಿ ಕಾಲ ಹೊಳೆ ತಂದು ಹಾಕಿದ ಹೂಳು ಒಡ್ಡಿನ ಹಿಂದೆ ಕೂತಿದೆ. ಕಾಲುವೆ ನೀರು ನಂಬಿದವರಿಗೆ ಹೂಳು ಅಂದರೆ ತಲೆನೋವು. ಹಕ್ಕಿಗಳಿಗೆ ಅದೇ ಬೇಕು. ಹೂಳು ತುಂಬಿದ ಕಡೆ ನೀರು ತೆಳ್ಳಗಾಗುತ್ತದೆ. ಆಪು, ಜೊಂಡು ಬೆಳೆಯುತ್ತದೆ. ನೀರು ಇಳಿದಂತೆ ನಡುವೆ ಸಣ್ಣ ಸಣ್ಣ ನಡುಗಡ್ಡೆ ಏಳುತ್ತವೆ. 1974ರಲ್ಲಿ ಇದನ್ನು ಪಕ್ಷಿಧಾಮ ಅಂತ ಘೋಷಿಸಿದರು. ಹರವು 29.78 ಚದರ ಕಿಲೋಮೀಟರು.

ಚಳಿಗಾಲದಲ್ಲಿ ಇಲ್ಲಿಗೆ ಬರುವವರಲ್ಲಿ ನನಗೆ ಇಷ್ಟವಾದದ್ದು ಡೆಮೊಸೆಲ್ ಕ್ರೇನ್ ಅನ್ನುವ ಉದ್ದ ಕಾಲಿನ ಹಕ್ಕಿ. ಮಂಗೋಲಿಯಾ, ಮಧ್ಯ ಏಷ್ಯಾದ ಹುಲ್ಲುಗಾವಲಿನಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುತ್ತವೆ. ಕ್ರೇನ್ ಜಾತಿಯಲ್ಲೇ ಸಣ್ಣವು. ಮೈ ಬೂದಿ ಬಣ್ಣ, ಕುತ್ತಿಗೆ ಕಪ್ಪು. ಆ ಕಪ್ಪು ಎದೆಯ ಕೆಳಗೂ ಎಳೆ ಎಳೆಯಾಗಿ ಇಳಿದಿರುತ್ತದೆ. ಕಣ್ಣಿನ ಹಿಂದಿನಿಂದ ಒಂದು ಬಿಳಿ ಗರಿಯ ಕುಚ್ಚು ಹಿಂದಕ್ಕೆ ಇಳಿಬಿದ್ದಿರುತ್ತದೆ. ಗಾಳಿ ಬೀಸಿದರೆ ಅದೊಂದೇ ಅಲ್ಲಾಡುತ್ತದೆ, ಹಕ್ಕಿ ಮಾತ್ರ ಕದಲುವುದಿಲ್ಲ. ದುರ್ಬೀನು ಇದ್ದವರು ಹಕ್ಕಿ ಎಣಿಸುವ ಮೊದಲು ಆ ಕುಚ್ಚನ್ನು ನೋಡಿ.

ಇವು ಬೆಳಗ್ಗೆ ಹೊಲಕ್ಕೆ ಹೋಗುತ್ತವೆ. ಬಿದ್ದ ಕಾಳು ಆರಿಸುತ್ತವೆ. ಕಡಲೆ ಹೊಲಕ್ಕೆ ಇಳಿದರೆ ರೈತ ಕೂಗಿ ಓಡಿಸುತ್ತಾನೆ, ಅವನ ಸಿಟ್ಟೂ ನ್ಯಾಯವೇ. ಆಮೇಲೆ ನೀರಿಗೆ ವಾಪಸ್. ರಾತ್ರಿ ಮಲಗುವ ಬಗೆ ಕೇಳಿದರೆ ನಮ್ಮವರು ನಂಬುವುದಿಲ್ಲ. ಇವು ಮರ ಹತ್ತುವುದಿಲ್ಲ. ತೆಳ್ಳನೆ ನೀರಲ್ಲಿ ನಿಂತೇ ರಾತ್ರಿ ಕಳೆಯುತ್ತವೆ. ನರಿಯೋ ನಾಯಿಯೋ ಬಂದರೆ ನೀರಿನ ಸಪ್ಪಳಕ್ಕೆ ಗೊತ್ತಾಗುತ್ತದೆ.

ಬೋಟ್ ಕೇಳುವವರಿಗೆ ನನ್ನ ಉತ್ತರ ಇದೇ. ಆ ತೆಳ್ಳನೆ ನೀರೇ ಅವುಗಳ ಹಾಸಿಗೆ. ಬೋಟ್ ಬಿಡಬೇಕೆಂದರೆ ಹೂಳು ತೆಗೆಯಬೇಕು, ದಾರಿ ಮಾಡಬೇಕು, ಇಡೀ ದಿನ ಮೋಟರು ಓಡಬೇಕು. ಆಮೇಲೆ ನೋಡೋಕೆ ಉಳಿಯೋದು ಬರೀ ನೀರು. ಅದಕ್ಕೆ ಹಿಡಕಲ್ ಡ್ಯಾಮ್ ಇದೆಯಲ್ಲ, ಅಲ್ಲಿಗೆ ಹೋಗಿ.

ಹಾಗಂತ ಜನ ಬರಲೇಬಾರದು ಅನ್ನುವವರ ಗುಂಪಿನವಳಲ್ಲ ನಾನು. ಕಾನೂನೂ ಹಾಗೆ ಹೇಳುವುದಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅಭಯಾರಣ್ಯದೊಳಗೆ ಹೋಗಲು ಪರವಾನಗಿ ಕೊಡಬಹುದಾದ ಕಾರಣಗಳ ಪಟ್ಟಿ ಇದೆ. ಅಧ್ಯಯನ, ಫೋಟೋಗ್ರಫಿ ಜೊತೆ ಪ್ರವಾಸವೂ ಅದರಲ್ಲಿ ಸೇರಿದೆ. ಒಳಗೆ ಆಸ್ತಿ ಹಕ್ಕು ಇದ್ದವರಿಗೆ, ಸಾರ್ವಜನಿಕ ರಸ್ತೆಯಲ್ಲಿ ಹಾದು ಹೋಗುವವರಿಗೆ ಪರವಾನಗಿಯ ಮಾತೇ ಇಲ್ಲ. ಆದರೆ ಅಪಾಯವಾಗುವ ಹಾಗೆ ಬೆಂಕಿ ಹಚ್ಚುವುದಕ್ಕೆ ನಿಷೇಧ ಇದೆ. ಜೊಂಡಿನ ಪಕ್ಕ ಒಲೆ ಹೂಡುವವರು ಅದನ್ನೊಮ್ಮೆ ಓದಿಕೊಂಡರೆ ಒಳ್ಳೆಯದು.

ಗದ್ದಲದ ಬಗ್ಗೆ ಒಂದು ಮಾತು. ನಮ್ಮ ಕಡೆ ಇದು ಕಬ್ಬಿನ ಸೀಜನ್ನೂ ಹೌದು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಊರಿಗೆಲ್ಲ ಕೇಳುವ ಹಾಗೆ ಹಾಡು ಹಾಕಿಕೊಂಡು ಹೋಗುತ್ತವೆ. ದೂರದ ಹಕ್ಕಿಗಳು ತಲೆ ಎತ್ತುವುದೂ ಇಲ್ಲ. ದಂಡೆಗುಂಟ ಎಮ್ಮೆ ಹೊಡೆದುಕೊಂಡು ಹೋಗುವ ಅಜ್ಜನಿಗೂ ಹೆದರುವುದಿಲ್ಲ. ಅದೇ ಒಬ್ಬ ಹುಡುಗ ಬೈಕ್ ನಿಲ್ಲಿಸಿ, ಮೊಬೈಲ್ ಮುಂದೆ ಹಿಡಿದು, ನೇರ ಅವುಗಳ ಕಡೆ ನಡೆಯಲಿ. ಮೊದಲು ಒಂದು ಕುತ್ತಿಗೆ ನೆಟ್ಟಗಾಗುತ್ತದೆ, ಆಮೇಲೆ ಎಲ್ಲವೂ, ಆಮೇಲೆ ಇಡೀ ಹಿಂಡು ಗಾಳಿಗೆ. ಹುಡುಗನಿಗೆ ವಿಡಿಯೋ ಸಿಕ್ಕಿತು. ಹಾರುವ ಹಕ್ಕಿಯ ವಿಡಿಯೋಗೇ ಲೈಕ್ ಜಾಸ್ತಿ, ಅಲ್ವಾ? ಆದರೆ ಅವು ಮಾರ್ಚ್ ಹೊತ್ತಿಗೆ ಮೈ ತುಂಬಿಕೊಂಡು ಮತ್ತೆ ಹಿಮಾಲಯದ ಕಡೆ ಹೊರಡಬೇಕು. ತಿಂದದ್ದು ಹೀಗೆ ಸುಮ್ಮಸುಮ್ನೆ ಹಾರಿ ಕರಗಿದರೆ ಹೇಗೆ?

ಅಲ್ಲಿಗೆ ನಿಜವಾಗಿ ಬೇಕಾದದ್ದು ದೊಡ್ಡ ಯೋಜನೆ ಅಲ್ಲ. ಒಡ್ಡಿನ ಕಡೆ ಕೂರಲು ನೆರಳು. ಹೆಣ್ಣುಮಕ್ಕಳಿಗೆ ಬೀಗ ಹಾಕದ, ನೀರಿರುವ ಶೌಚಾಲಯ. ಸ್ಟ್ಯಾಂಡಿಗೆ ಹಾಕಿದ ಒಂದು ದುರ್ಬೀನು, ಅದರ ಪಕ್ಕ ಊರಿನದೇ ಒಬ್ಬ ಹುಡುಗ. ಮೀನು ಹಿಡಿಯುವವರ ಮನೆಯ ಹುಡುಗನಾದರೆ ಇನ್ನೂ ಒಳ್ಳೆಯದು. ಯಾವ ಹಕ್ಕಿ ಎಲ್ಲಿ ಕೂರುತ್ತದೆ ಅನ್ನುವುದು ಅವನಿಗೆ ಪುಸ್ತಕ ಓದಿದವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಕಷ್ಟ ಬರೋದು ಸಂಕ್ರಾಂತಿಗೆ. ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಹೊಳೆಯಲ್ಲಿ ಮುಳುಗುವುದು, ದಂಡೆಯ ಮೇಲೆ ಬುತ್ತಿ ಬಿಚ್ಚುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ. ಅದನ್ನು ಬಿಡಿ ಅಂತ ಹೇಳೋಕೆ ನನಗೂ ಮನಸ್ಸಿಲ್ಲ. ಆದರೆ ವಲಸೆ ಹಕ್ಕಿ ಇರುವುದೂ ಅದೇ ಹೊತ್ತಿಗೆ. ಊಟ ಮುಗಿದ ಮೇಲೆ ದಂಡೆಯಲ್ಲಿ ಉಳಿಯುವ ಥರ್ಮಾಕೋಲ್ ತಟ್ಟೆಗಳನ್ನು ನೋಡಿದರೆ ಹೋಳಿಗೆ ಗಂಟಲಲ್ಲಿ ಇಳಿಯುವುದಿಲ್ಲ.

ಹೋದ ವರ್ಷ ಮನೆಯಲ್ಲಿ ಇದೇ ಜಗಳ. ಊಟ ನಮ್ಮ ಕಾಕಾನ ಹೊಲದಲ್ಲಿ ಮಾಡೋಣ, ಪಕ್ಷಿಧಾಮಕ್ಕೆ ಬರೀ ನೋಡೋಕೆ ಹೋಗೋಣ ಅಂದೆ. ವೈನಿ ಒಪ್ಪಲಿಲ್ಲ. 'ಹೊಳಿ ಇಲ್ಲದ ಸಂಕ್ರಾಂತಿ ಎಂಥಾದ್ದವಾ?' ಕಾಕಾ ನಡುವೆ ಬಾಯಿ ಹಾಕಿದರು. 'ಬಾವಿ ನೀರೂ ಹೊಳೀದ ಬಸೀನೀರ ಐತಿ, ಅದ್ರಾಗ ಜಳಕ ಮಾಡ್ರಿ.' ಕೊನೆಗೆ ಬಾವಿ ಮೋಟರ್ ಹಚ್ಚಿ ಎಲ್ಲರ ಜಳಕ ಆಯ್ತು. ಸಂಜೆ ನಾಲ್ಕೈದು ಮಂದಿಯಂತೆ ಒಡ್ಡಿನ ಕಡೆ ಹೋಗಿ ಬಂದೆವು. ಬಾವಿ ನೀರು ಹೊಳೆಗಿಂತ ಬೆಚ್ಚಗಿತ್ತು ಅಂತ ವೈನಿಯೇ ಈಗ ಎಲ್ಲರಿಗೂ ಹೇಳುತ್ತಾರೆ. ಹಕ್ಕಿ ಬಗ್ಗೆ ಇನ್ನೂ ಏನೂ ಹೇಳಿಲ್ಲ.