ವೇತನ ಶ್ರೇಣಿಯೊಳಗೆ ಕೂರದ ಹುದ್ದೆ

ನನ್ನ ಸ್ಪ್ರೆಡ್‌ಶೀಟ್‌ನ ಹನ್ನೊಂದನೇ ಸಾಲಿನ ಹುದ್ದೆ ಕೊನೆಗೂ ಬಗೆಹರಿಯಿತು. ಬೆಳೆಯುತ್ತಿರುವ ಒಂದು ಸಂಸ್ಥೆಗೆ ದರ್ಜೆಗಳನ್ನೂ ವೇತನ ಶ್ರೇಣಿಗಳನ್ನೂ ಕಟ್ಟಿಕೊಡುವ ಕೆಲಸ ಹಿಡಿದಿದ್ದೇನೆ ಎಂದು ಹಿಂದೆ ಬರೆದಿದ್ದೆ. ಹುದ್ದೆಯ ವಿವರಣೆ ಸಂಗ್ರಹಿಸುವುದು, ಅಂಕ ಹಾಕಬೇಕಾದ ಅಂಶಗಳನ್ನು (ಕೌಶಲ, ಹೊಣೆ, ಶ್ರಮ ಮುಂತಾದವು) ಆರಿಸುವುದು, ಅವುಗಳಿಗೆ ತೂಕ ಹಂಚುವುದು ನಿಮಗೆಲ್ಲ ಗೊತ್ತಿರುವ ದಾರಿ. ಅದನ್ನು ಇಲ್ಲಿ ವಿವರಿಸುವುದಿಲ್ಲ. ಉಳಿದ ಹುದ್ದೆಗಳೆಲ್ಲ ಹೆಚ್ಚು ರಗಳೆಯಿಲ್ಲದೆ ತಮ್ಮ ತಮ್ಮ ದರ್ಜೆಗೆ ಹೋಗಿ ಕುಳಿತವು. ಒಂದು ಮಾತ್ರ ಎಲ್ಲಿ ಇಟ್ಟರೂ ಎದ್ದು ಬರುತ್ತಿತ್ತು.

ಆ ಹುದ್ದೆಗೆ ಕಾಗದದ ಮೇಲೆ ‘ಆಡಳಿತ ಸಂಯೋಜಕ’ ಎಂಬ ಹೆಸರಿದೆ. ನನ್ನ ಸ್ಪ್ರೆಡ್‌ಶೀಟ್‌ನಲ್ಲಿ ಅದಕ್ಕೆ ‘ಸಕಲ’ ಎಂದು ಹೆಸರಿಟ್ಟಿದ್ದೇನೆ. ಸಣ್ಣ ಸಂಸ್ಥೆಗಳ ಜೊತೆ ಕೆಲಸ ಮಾಡಿದವರಿಗೆ ಈ ವ್ಯಕ್ತಿಯ ಪರಿಚಯ ಬೇಕಿಲ್ಲ. ಸಂಸ್ಥೆ ಹುಟ್ಟಿದಾಗಿನಿಂದ ಇದ್ದಾರೆ. ಖರೀದಿ ಅವರದು, ಬೀಗದ ಕೈ ಅವರದು, ಇಂಟರ್‌ನೆಟ್ ಹೋದರೆ ಫೋನ್ ಮಾಡುವವರು ಅವರು, ಹೊಸಬರಿಗೆ ಕುರ್ಚಿ ತೋರಿಸುವವರು ಅವರು, ಮೂರು ವರ್ಷದ ಹಿಂದೆ ಯಾವ ಗ್ರಾಹಕರಿಗೆ ಯಾವ ರಿಯಾಯಿತಿಯ ಮಾತು ಕೊಡಲಾಗಿತ್ತು ಎಂದು ನೆನಪಿಟ್ಟುಕೊಂಡಿರುವವರೂ ಅವರೇ.

ಲೆಕ್ಕದ ಚೌಕಟ್ಟು ಇಷ್ಟು. ಗ್ರಾಹಕರ ನಿಜವಾದ ಅಂಕಿಗಳನ್ನು ಹೊರಗೆ ಹಾಕುವ ಹಾಗಿಲ್ಲವಾದ್ದರಿಂದ ಮೂರನೇ ದರ್ಜೆಯ ಮಧ್ಯಬಿಂದುವನ್ನು, ಅಂದರೆ ಆ ಶ್ರೇಣಿಯ ನಟ್ಟನಡುವಿನ ಸಂಬಳವನ್ನು, 100 ಎಂದಿಟ್ಟುಕೊಳ್ಳೋಣ. ದರ್ಜೆಯಿಂದ ದರ್ಜೆಗೆ ಮಧ್ಯಬಿಂದು ಶೇ. 15ರಷ್ಟು ಏರುತ್ತದೆ. ಪ್ರತಿ ಶ್ರೇಣಿ ಮಧ್ಯಬಿಂದುವಿನ ಶೇ. 80ರಿಂದ 120ರವರೆಗೆ ಹರಡಿದೆ. ಹುದ್ದೆಗಳನ್ನು ಅಂಕಗಳಲ್ಲಿ ತೂಗುವ ವಿಧಾನವೊಂದನ್ನು ರೂಪಿಸಿದ ಎಡ್ವರ್ಡ್ ಹೇ ತಮ್ಮ ಕೋಷ್ಟಕಗಳಲ್ಲಿ ಅಂಕಗಳ ಹಂತಕ್ಕೆ ಶೇ. 15ರ ಅಂತರ ಇಟ್ಟಿದ್ದರು; ಅದಕ್ಕಿಂತ ಚಿಕ್ಕ ವ್ಯತ್ಯಾಸ ತೂಗುವವರ ಕಣ್ಣಿಗೆ ಬೀಳುವುದಿಲ್ಲ ಎಂಬುದು ಅದರ ಹಿಂದಿನ ತರ್ಕ. ನಾನು ಅದನ್ನೇ ಮಧ್ಯಬಿಂದುವಿಗೂ ಎಳೆದುಕೊಂಡೆ. ಇದಕ್ಕೆ ಆಳವಾದ ಕಾರಣವೇನಿಲ್ಲ, ಕೇಳಿದವರಿಗೆ ವಿವರಿಸುವುದು ಸುಲಭ, ಅಷ್ಟೇ.

ಈ ಚೌಕಟ್ಟಿನಲ್ಲಿ ಸಕಲ ಪಡೆಯುವ ಸಂಬಳ 141.

ಅಂಕ ಹಾಕಲು ಸಂಸ್ಥಾಪಕರನ್ನೂ ಹಣಕಾಸು ಮುಖ್ಯಸ್ಥರನ್ನೂ ಬೇರೆ ಬೇರೆ ಕೂರಿಸಿದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಸಂಸ್ಥಾಪಕರು ಪ್ರತಿಯೊಂದು ಅಂಶಕ್ಕೂ ತುಂಬಿದ ಅಂಕ ಕೊಟ್ಟರು: ಕೌಶಲಕ್ಕೆ ಐದು, ಹೊಣೆಗೆ ಐದು, ಶ್ರಮಕ್ಕೆ ಐದು. ಕೆಲಸದ ಪರಿಸರದ ಅಪಾಯಕ್ಕೂ ಐದು! ಹವಾನಿಯಂತ್ರಿತ ಕೊಠಡಿಯಲ್ಲಿ ಬೀಗದ ಕೈ ಹಿಡಿದು ಕೂರುವುದರಲ್ಲಿ ಯಾವ ಅಪಾಯ ಎಂದು ಕೇಳಿದರೆ, “ಅವರಿಲ್ಲದಿದ್ದರೆ ನಮಗೆ ಅಪಾಯ ಅಲ್ಲವೇ?” ಎಂದರು. ಹಣಕಾಸು ಮುಖ್ಯಸ್ಥರ ಹಾಳೆಯಲ್ಲಿ ಎಲ್ಲವೂ ಎರಡು. “ಬಿಲ್ ತರುತ್ತಾರೆ, ಸಹಿ ಹಾಕಿಸುತ್ತಾರೆ. ಇನ್ನೇನು?”

ಸಂಸ್ಥಾಪಕರ ಅಂಕಗಳನ್ನು ಕೂಡಿದರೆ ಏಳನೇ ದರ್ಜೆ. ಅಲ್ಲಿನ ಮಧ್ಯಬಿಂದು ಸುಮಾರು 175, ಅಂದರೆ ಸಕಲರ ಕಂಪಾ ರೇಷಿಯೋ (ಸಂಬಳವನ್ನು ಮಧ್ಯಬಿಂದುವಿನಿಂದ ಭಾಗಿಸಿದ ಅಂಕಿ) 0.81, ಶ್ರೇಣಿಯ ನೆಲಕ್ಕೆ ಬೆನ್ನು ತಾಗಿದೆ, ಸಂಬಳ ಏರಿಸಬೇಕು. ಹಣಕಾಸು ಮುಖ್ಯಸ್ಥರ ಅಂಕದಲ್ಲಿ ಮೂರನೇ ದರ್ಜೆ. ಅಲ್ಲಿ ಕಂಪಾ ರೇಷಿಯೋ 1.41, ಶ್ರೇಣಿಯ ಛಾವಣಿ ಒಡೆದು ಹೊರಬಂದಿದೆ, ಕೆಂಪು ವೃತ್ತ ಹಾಕಿ ಏರಿಕೆ ನಿಲ್ಲಿಸಬೇಕು. ಅದೇ ವ್ಯಕ್ತಿ, ಅದೇ ಸಂಬಳ. ಒಬ್ಬರ ಪ್ರಕಾರ ಅನ್ಯಾಯ ಆಗುತ್ತಿದೆ, ಇನ್ನೊಬ್ಬರ ಪ್ರಕಾರ ದುಂದು.

ಸರಾಸರಿ ತೆಗೆದರೆ ಐದನೇ ದರ್ಜೆ ಬರುತ್ತದೆಯಲ್ಲ, ಅಲ್ಲಿಗೆ ಮುಗಿಸಬಾರದೇ ಎಂದು ನಿಮ್ಮಲ್ಲಿ ಕೆಲವರು ಕೇಳುವುದು ಇಲ್ಲಿಗೇ ಕೇಳಿಸುತ್ತಿದೆ. ನಾಳೆ ಸಕಲ ನನ್ನ ಎದುರು ಕುಳಿತು “ನನಗೆ ಐದು ಏಕೆ?” ಎಂದರೆ ಇಬ್ಬರ ಜಗಳವನ್ನು ಎರಡರಿಂದ ಭಾಗಿಸಿದೆ ಎನ್ನಲೇ? ಅಂಕ ನೀಡುವವರಲ್ಲಿ ಒಬ್ಬರಿಗೆ ಮೂರು, ಇನ್ನೊಬ್ಬರಿಗೆ ನಾಲ್ಕು ಅನ್ನಿಸಿದರೆ ಸರಾಸರಿಗೆ ಅರ್ಥವಿದೆ. ನಾಲ್ಕು ದರ್ಜೆಗಳ ಕಂದಕ ಬಿದ್ದಿದೆ ಎಂದರೆ ಇಬ್ಬರೂ ಬೇರೆ ಬೇರೆ ಹುದ್ದೆಗಳನ್ನು ನೋಡುತ್ತಿದ್ದಾರೆ.

ಸಂಸ್ಥಾಪಕರದ್ದು ಹಳೆಯ ಕಾಯಿಲೆ. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಸೇನಾಧಿಕಾರಿಗಳ ಮೌಲ್ಯಮಾಪನಗಳನ್ನು ನೋಡಿ, ಒಂದು ಗುಣದಲ್ಲಿ ಮೆಚ್ಚುಗೆ ಪಡೆದವರಿಗೆ ಉಳಿದೆಲ್ಲ ಗುಣಗಳಲ್ಲೂ ಹೆಚ್ಚು ಅಂಕ ಬೀಳುತ್ತದೆ ಎಂದು ತೋರಿಸಿದ್ದ. ಕುರ್ಚಿಗೆ ಅಂಕ ಹಾಕಿ, ಕುಳಿತವರಿಗಲ್ಲ ಎಂದು ಎಷ್ಟು ಹೇಳಿದರೂ, ಹತ್ತು ಜನರಿದ್ದಾಗಿನಿಂದ ಜೊತೆಗಿರುವವರ ವಿಷಯದಲ್ಲಿ ಅದು ಕಿವಿಗೆ ಇಳಿಯುವುದಿಲ್ಲ. ಹಣಕಾಸು ಮುಖ್ಯಸ್ಥರಿಗೂ ಅವರದೇ ಆದ ಪೊರೆ ಇತ್ತು. ಅವರ ಮೇಜಿಗೆ ಬರುವುದು ಬಿಲ್ಲುಗಳು ಮಾತ್ರ, ಆದ್ದರಿಂದ ಸಕಲ ಎಂದರೆ ಬಿಲ್ಲು.

ಅಂಶಗಳ ತೂಕ ಬದಲಿಸುವ ಆಸೆ ಬಂತು. ಹೊಣೆಗಾರಿಕೆಯ ತೂಕ ತುಸು ಏರಿಸಿದರೆ ಸಕಲ ಸರಿಯಾದ ಜಾಗಕ್ಕೆ ಬರುತ್ತಾರೆ, ಆದರೆ ಗುಣಮಟ್ಟ ಪರೀಕ್ಷಕರು ಮಾರಾಟ ಮುಖ್ಯಸ್ಥರ ಮೇಲೆ ಏರಿ ಕೂರುತ್ತಾರೆ. ಒಂದು ಸಾಲಿಗಾಗಿ ಇಡೀ ಹಾಳೆಯನ್ನು ಬಗ್ಗಿಸುವ ವಿದ್ಯೆ ನನಗೆ ಬೇಡ. ಅಂಕಕ್ಕೂ ಸಂಬಳಕ್ಕೂ ಸರಳರೇಖೆ ಎಳೆದು ನೋಡಿದರೂ ಅದೇ ಪಾಡು: ಇಷ್ಟು ಕಡಿಮೆ ಬಿಂದುಗಳಿರುವ ಕಡೆ ಗುಂಪಿನಿಂದ ದೂರ ಬಿದ್ದ ಒಂದೇ ಬಿಂದು ಇಡೀ ರೇಖೆಯನ್ನು ತನ್ನತ್ತ ಎಳೆದುಕೊಳ್ಳುತ್ತದೆ.

ಮಾರುಕಟ್ಟೆ ದರ ನೋಡೋಣ ಎಂದರೆ ವೇತನ ಸಮೀಕ್ಷೆ ಮಾರುವವರ ಕಥೆ ಶುರು. ಈ ಜನರ ಬಗ್ಗೆ ಒಂದು ಮಾತು ಹೇಳಲೇಬೇಕು. ದುಡ್ಡು ಪಡೆದು ಕಳುಹಿಸಿದ್ದು ಪಿಡಿಎಫ್. ಅದರೊಳಗಿನ ಕೋಷ್ಟಕಗಳು ಚಿತ್ರಗಳು. ಅಂಕಿಗಳನ್ನು ನಕಲು ಮಾಡಲಾಗದು, ಕೈಯಾರೆ ಟೈಪ್ ಮಾಡಬೇಕು. ದತ್ತಾಂಶ ಯಾವ ತಿಂಗಳಿನದು ಎಂದು ಕೇಳಿದರೆ “ಇತ್ತೀಚಿನದು” ಎಂಬ ಉತ್ತರ. ದಿನಾಂಕ ಗೊತ್ತಿಲ್ಲದ ಅಂಕಿಯನ್ನು ಇಂದಿನ ದರಕ್ಕೆ ಏರಿಸುವುದು ಹೇಗೆ, ಎಷ್ಟು ತಿಂಗಳಿಗೆ ಎಂದು? ಇರಲಿ. ಹುದ್ದೆಯ ಹೆಸರಿನಿಂದ ಹೊಂದಿಸಬಾರದು, ಕೆಲಸದ ಸುಮಾರು ಶೇ. 70ರಷ್ಟಾದರೂ ತಾಳೆಯಾಗಬೇಕು ಎಂಬ ರೂಢಿ ನಮ್ಮಲ್ಲಿದೆಯಲ್ಲ, ಸಕಲರಿಗೆ ಅರ್ಧವೂ ತಾಳೆಯಾಗುವ ಹುದ್ದೆ ಆ ಇಡೀ ವರದಿಯಲ್ಲಿ ಇರಲಿಲ್ಲ. ಅದೇ ಮಾರಾಟಗಾರರು ಜೊತೆಗೆ ಮನುಷ್ಯರನ್ನು ನಾಲ್ಕು ಅಕ್ಷರಗಳಲ್ಲಿ ಮಡಚಿಡುವ ವ್ಯಕ್ತಿತ್ವ ಪರೀಕ್ಷೆಯನ್ನೂ ‘ವಿಶೇಷ ದರದಲ್ಲಿ’ ಕೊಡಲು ಮುಂದಾದರು. ಕೆಲವು ವಾರ ಬಿಟ್ಟು ಅದೇ ಪರೀಕ್ಷೆ ಬರೆದರೆ ಬಹಳ ಜನರ ಅಕ್ಷರ ಬದಲಾಗುತ್ತದೆ ಎಂದು ನೆನಪಿಸಿದೆ. ಆಮೇಲೆ ಫೋನ್ ಬಂದಿಲ್ಲ.

ಪೇರೋಲ್ ತಂತ್ರಾಂಶದವರನ್ನೂ ಬಿಡಲು ಮನಸ್ಸಿಲ್ಲ. ಅವರ ಕಡತವನ್ನು ಸ್ಪ್ರೆಡ್‌ಶೀಟ್‌ನಲ್ಲಿ ತೆರೆದಾಗ ಸಿಬ್ಬಂದಿ ಸಂಖ್ಯೆಗಳ ಮುಂದಿನ ಸೊನ್ನೆಗಳೆಲ್ಲ ಮಾಯ. ದರ್ಜೆ 3-2 ಎಂದಿದ್ದದ್ದು ದಿನಾಂಕವಾಗಿತ್ತು. ಮಾನವ ವಂಶವಾಹಿಗಳಿಗೆ ಹೆಸರಿಡುವ ಸಮಿತಿಯೇ ಈ ಕಾಟ ತಾಳಲಾರದೆ ದಿನಾಂಕದಂತೆ ಕಾಣುವ ಹೆಸರುಗಳನ್ನು ಬದಲಿಸಿ 2020ರಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿತು. ವಿಜ್ಞಾನಿಗಳೇ ಸೋತ ಕಡೆ ನಾನು ಹೋರಾಡುವುದಿಲ್ಲ. ನನ್ನ ದರ್ಜೆಗಳು ಇನ್ನು ಮುಂದೆ ‘ದ3ಆ’, ‘ದ3ಇ’.

ಗಂಟು ಸಡಿಲವಾದದ್ದು ಅಂಕದ ಹಾಳೆಯನ್ನು ಬದಿಗಿಟ್ಟ ಮೇಲೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಒಂದೇ ಒಂದು ಕೆಲಸ ಕೊಟ್ಟೆ: ನಾಳೆ ಈ ಕುರ್ಚಿ ಖಾಲಿಯಾದರೆ ಯಾರು ಬೇಕು ಎಂದು ಜಾಹೀರಾತು ಬರೆಯಿರಿ. ಸಂಸ್ಥಾಪಕರು ಉತ್ಸಾಹದಿಂದ ಬರೆಯತೊಡಗಿದರು. ಖರೀದಿ ಒಪ್ಪಂದ ಕುದುರಿಸುವ ಅನುಭವ, ಕಚೇರಿ ನಿರ್ವಹಣೆ, ಕಂಪ್ಯೂಟರ್ ರಿಪೇರಿಯ ಜ್ಞಾನ, ನಮ್ಮ ಹಳೆಯ ಗ್ರಾಹಕರ ಪರಿಚಯ... ಇಲ್ಲಿಗೆ ಬಂದಾಗ ಪೆನ್ನು ನಿಂತಿತು. ಹೊರಗಿನಿಂದ ಬರುವ ಯಾರಿಗೆ ತಾನೇ ನಮ್ಮ ಹಳೆಯ ಗ್ರಾಹಕರ ಪರಿಚಯವಿರುತ್ತದೆ? ಹಣಕಾಸು ಮುಖ್ಯಸ್ಥರು ಮೊದಲ ಬಾರಿ ನಕ್ಕರು. ಆಮೇಲೆ ಅವರೇ, “ಒಪ್ಪಂದ ಕುದುರಿಸುವವರು ಈ ಸಂಬಳಕ್ಕಿಂತ ಕಡಿಮೆಗೆ ಸಿಗುವುದಿಲ್ಲ” ಎಂದರು. ನಾನು ಉಸಿರು ಬಿಡದೆ ಬರೆದುಕೊಂಡೆ.

(ಇಲ್ಲೊಂದು ಅಡ್ಡದಾರಿ. ಈ ಜಾಹೀರಾತು ಪ್ರಯೋಗದಿಂದಲೇ ನನ್ನ ಮುಂದಿನ ಯೋಜನೆ ಹುಟ್ಟಿದೆ: ಸಣ್ಣ ಸಂಸ್ಥೆಗಳಿಗೆ ಸಿದ್ಧ ಸಂದರ್ಶನ ಪೆಟ್ಟಿಗೆ. ಎಲ್ಲರಿಗೂ ಅದೇ ಪ್ರಶ್ನೆ, ಪ್ರತಿ ಪ್ರಶ್ನೆಗೂ ಒಂದರಿಂದ ಐದರ ಮಾಪಕ, ಮಾಪಕದ ಪ್ರತಿ ಮೆಟ್ಟಿಲಿಗೂ ವರ್ತನೆಯ ಒಂದು ನಿಜವಾದ ಉದಾಹರಣೆ. ಸ್ಮಿತ್ ಮತ್ತು ಕೆಂಡಾಲ್ ಎಂಬ ಸಂಶೋಧಕರು 1963ರಲ್ಲಿ ದಾದಿಯರ ಮೌಲ್ಯಮಾಪನಕ್ಕಾಗಿ ರೂಪಿಸಿದ ಮಾಪಕದ ದಾರಿ ಇದು. ಉದಾಹರಣೆಗಳನ್ನು ಹೆಕ್ಕಲು ಫ್ಲಾನಗನ್ 1954ರಲ್ಲಿ ವಿವರಿಸಿದ ನಿರ್ಣಾಯಕ ಘಟನೆಗಳ ವಿಧಾನ (ಕೆಲಸ ಚೆನ್ನಾಗಿ ನಡೆದ ಅಥವಾ ಕೆಟ್ಟ ನಿಜವಾದ ಪ್ರಸಂಗಗಳನ್ನು ಕಲೆಹಾಕುವುದು) ಸಾಕು. ಸಂಸ್ಥಾಪಕರನ್ನು “ನನಗೆ ಮುಖ ನೋಡಿದರೇ ಗೊತ್ತಾಗುತ್ತದೆ” ಎಂಬ ಸ್ಥಿತಿಯಿಂದ ಹೊರಗೆ ತರುವುದು ಹೇಗೆ ಎಂಬುದೇ ಅದರ ಕಷ್ಟದ ಭಾಗ. ಇದಕ್ಕೆ ಬೇರೆ ಟಿಪ್ಪಣಿ ಬೇಕು. ಈಗ ಸಕಲರ ಬಳಿಗೆ.)

ಜಾಹೀರಾತು ಹುದ್ದೆಯನ್ನು ಚೂರು ಮಾಡಿತು, ಆದರೆ ಚೂರುಗಳಿಗೆ ಬೆಲೆ ಕಟ್ಟುವುದು ಉಳಿದಿತ್ತು. ಸಕಲರಿಂದಲೇ ಕೆಲಸಗಳ ದಿನಚರಿ ಬರೆಸಿದೆ. ಬಂದ ಪಟ್ಟಿ ಉದ್ದವಾಗಿತ್ತು. ಉದ್ದವೇ ಎಲ್ಲರನ್ನೂ ದಾರಿ ತಪ್ಪಿಸಿದ್ದು. ಕೆಲಸಗಳ ಸಂಖ್ಯೆ ಹುದ್ದೆಯ ದರ್ಜೆಯನ್ನು ಹೇಳುವುದಿಲ್ಲ. ಹಾಗಾಗಿ ಸಂಶೋಧಕ ಎಲಿಯಟ್ ಜಾಕ್ಸ್ 1950ರ ದಶಕದಲ್ಲಿ ಲಂಡನ್ನಿನ ಗ್ಲೇಸಿಯರ್ ಮೆಟಲ್ ಕಂಪನಿಯಲ್ಲಿ ಕಂಡುಕೊಂಡ ಅಳತೆಗೋಲನ್ನು ಹೊರತೆಗೆದೆ: ಒಬ್ಬರ ತೀರ್ಮಾನ ಕಳಪೆಯಾಗಿತ್ತು ಎಂದು ಮೇಲಿನವರಿಗೆ ತಿಳಿಯಲು ಹೆಚ್ಚೆಂದರೆ ಎಷ್ಟು ಕಾಲ ಹಿಡಿಯುತ್ತದೆ? ಈ ಒಂದೇ ಅಳತೆಯಿಂದ ನ್ಯಾಯವಾದ ಸಂಬಳ ಹೇಳಬಹುದು ಎಂಬ ಅವರ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕಲಸಿಹೋದ ಹುದ್ದೆಯನ್ನು ಬಿಡಿಸಲು ಮಾತ್ರ ಇದಕ್ಕಿಂತ ಹರಿತವಾದ ಚಾಕು ನನಗೆ ಸಿಕ್ಕಿಲ್ಲ.

ದಿನಚರಿಯ ಪ್ರತಿ ಸಾಲಿನ ಪಕ್ಕ ಆ ಕಾಲವನ್ನು ಬರೆಯುತ್ತ ಹೋದೆವು. ಇಂಟರ್‌ನೆಟ್ ರಿಪೇರಿ ಸರಿಯಾಗದಿದ್ದರೆ ಅದೇ ಗಂಟೆಯಲ್ಲಿ ಗೊತ್ತಾಗುತ್ತದೆ. ಕಾಗದ, ಟೋನರ್ ತರಿಸುವುದು ತಪ್ಪಿದರೆ ಅದೇ ವಾರ. ಹೊಸಬರ ಕಾಗದಪತ್ರ ತಪ್ಪಿದರೆ ಮೊದಲ ಸಂಬಳದ ದಿನ. ಪಟ್ಟಿಯ ಬಹುಪಾಲು ಹೀಗೇ ತಿಂಗಳೊಳಗೆ ಮುಗಿಯಿತು. ಆದರೆ ಕಚ್ಚಾವಸ್ತು ಪೂರೈಕೆಯ ವಾರ್ಷಿಕ ಒಪ್ಪಂದ ಹಾಗಲ್ಲ. ಯಾರಿಂದ ಕೊಳ್ಳಬೇಕು, ದರ ಏರಿದರೆ ಯಾರು ಭರಿಸಬೇಕು, ತಡವಾದರೆ ದಂಡ ಎಷ್ಟು ಎಂಬುದನ್ನೆಲ್ಲ ಸಕಲ ಒಬ್ಬರೇ ಮಾತಾಡಿ ಮುಗಿಸುತ್ತಿದ್ದರು. ಅಲ್ಲಿ ಎಡವಿದರೆ ತಿಳಿಯುವುದು ಒಂದು ವರ್ಷದ ನಂತರ, ಲಾಭದ ಅಂಕಿ ಕರಗಿದ ಮೇಲೆ. ಬಿಲ್ಲನ್ನಷ್ಟೇ ನೋಡುತ್ತಿದ್ದವರಿಗೆ ಆ ಬಿಲ್ಲಿನ ದರ ಎಲ್ಲಿಂದ ಬಂತು ಎಂಬುದು ಕಂಡಿರಲಿಲ್ಲ.

ಅಲ್ಲಿಗೆ ಮೂರು ಗುಡ್ಡೆಗಳಾದವು. ಖರೀದಿ ವ್ಯವಸ್ಥಾಪಕರ ಹುದ್ದೆ: ಇಬ್ಬರೂ ಮತ್ತೆ ಬೇರೆ ಬೇರೆ ಅಂಕ ಹಾಕಿದಾಗ ಒಬ್ಬರಿಗೆ ಐದನೇ ದರ್ಜೆಯ ಮೇಲಂಚು, ಇನ್ನೊಬ್ಬರಿಗೆ ಕೆಳಅಂಚು, ಇಂಥಲ್ಲಿ ಸರಾಸರಿ ತೆಗೆಯಲು ನನಗೆ ಸಂಕೋಚವಿಲ್ಲ. ಕಚೇರಿ ಸಹಾಯಕರ ಹುದ್ದೆ: ಎರಡನೇ ದರ್ಜೆ, ಜಗಳವಿಲ್ಲ. ಮೂರನೆಯದು ಹುದ್ದೆಯೇ ಅಲ್ಲ, ನೆನಪು. ಯಾರಿಗೆ ಯಾವ ಮಾತು ಕೊಟ್ಟಿದ್ದೇವೆ, ಯಾವ ಬೀಗಕ್ಕೆ ಯಾವ ಕೈ, ಯಾವ ಪಾಸ್‌ವರ್ಡ್ ಯಾರ ಹೆಸರಿನಲ್ಲಿದೆ ಎಂಬುದು. ಸಂಸ್ಥಾಪಕರ ಐದುಗಳಲ್ಲಿ ದೊಡ್ಡ ಪಾಲು ಇದಕ್ಕೇ ಸಂದಿತ್ತು. ಹುದ್ದೆಗೆ ಬೇಕಾದ ಜ್ಞಾನ ಬೇರೆ, ಯಾರೂ ಬರೆದಿಡದ್ದರಿಂದ ಒಬ್ಬರ ತಲೆಯಲ್ಲಿ ಉಳಿದುಹೋದ ಮಾಹಿತಿ ಬೇರೆ. ಮೊದಲನೆಯದಕ್ಕೆ ದರ್ಜೆಯಲ್ಲಿ ಅಂಕವಿದೆ. ಎರಡನೆಯದನ್ನು ಬರೆದಿಡಲು ಸಮಯವನ್ನೂ, ಅವಧಿ ನಿಗದಿ ಮಾಡಿದ ಪ್ರತ್ಯೇಕ ಭತ್ಯೆಯನ್ನೂ ಕೊಡಿ ಎಂದೆ. ಮೂಲ ಸಂಬಳಕ್ಕೆ ಸೇರಿಸಿದರೆ ಬರೆದು ಮುಗಿದ ಮೇಲೂ ಹರಿಯುತ್ತಲೇ ಇರುತ್ತದೆ.

ಐದನೇ ದರ್ಜೆಯ ಮಧ್ಯಬಿಂದು 132.25. ಸಕಲರ 141 ಅಲ್ಲಿ 1.07. ಕೆಂಪು ವೃತ್ತವೂ ಇಲ್ಲ, ಬಾಕಿಯೂ ಇಲ್ಲ. ಇಷ್ಟು ರಾದ್ಧಾಂತದ ನಂತರ ಸಂಬಳದಲ್ಲಿ ಒಂದು ಅಂಕಿಯೂ ಬದಲಾಗಲಿಲ್ಲ ಎಂದು ಸಂಸ್ಥಾಪಕರಿಗೆ ಸ್ವಲ್ಪ ನಿರಾಸೆಯಾದಂತಿತ್ತು. ಸಕಲರಿಗೆ ಮಾತ್ರ ಹೊಸ ಹುದ್ದೆಯ ಹೆಸರು ಹಿಡಿಸಿತು. ಸಂಬಳದ ಬಗ್ಗೆ ಅವರು ಏನೂ ಕೇಳಲಿಲ್ಲ; ಕೇಳಿದ್ದು ಒಂದೇ, ಟೋನರ್ ಇನ್ನು ಮುಂದೆ ಯಾರ ತಲೆನೋವು ಎಂದು.

ಬಾಕಿ ಇರುವುದು: ಎರಡನೇ ದರ್ಜೆಯ ನೇಮಕಾತಿ (ಸಂದರ್ಶನ ಪೆಟ್ಟಿಗೆಯ ಮೊದಲ ಪ್ರಯೋಗ ಇಲ್ಲೇ ನಡೆಯಲಿದೆ), ಶ್ರೇಣಿಗಳನ್ನು ವರ್ಷಕ್ಕೊಮ್ಮೆ ಪರಿಷ್ಕರಿಸುವ ಸೂತ್ರ, ಮತ್ತು ನನ್ನ ಇನ್‌ವಾಯ್ಸ್. ಕೊನೆಯದರಲ್ಲಿ ‘ಜಾಹೀರಾತು ಬರೆಸಿದ್ದು’ ಎಂಬ ಸಾಲಿಗೆ ಹಣಕಾಸು ಮುಖ್ಯಸ್ಥರು ವಿವರಣೆ ಕೇಳಿದ್ದಾರೆ. ಬರೆದವರು ನಾವೇ ಅಲ್ಲವೇ ಎಂಬುದು ಅವರ ತಕರಾರು. ಪೇರೋಲ್ ತಂತ್ರಾಂಶದಿಂದ ಸೊನ್ನೆಗಳನ್ನು ನುಂಗದಂತೆ ದತ್ತಾಂಶ ಹೊರತೆಗೆಯುವ ಉಪಾಯ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ‘ಮುಂದಿನ ಆವೃತ್ತಿಗೆ ಕಾಯಿರಿ’ ಎಂಬ ಉತ್ತರ ನನಗೆ ಈಗಾಗಲೇ ಬಂದಿದೆ.