ಟಾಯ್ಲೆಟ್ ಪಂಪ್ ಗೋಳು: ಕೊನೆಗೂ ಕಳ್ಳ ಸಿಕ್ಕಿಬಿದ್ದ

ನಮ್ಮ ಬೋಟ್‌ನ ಮುಂಭಾಗದ ಟಾಯ್ಲೆಟ್‌ನ ಕೈಪಂಪ್ ಬಿಗಿಯಾಗುತ್ತಿದ್ದುದಕ್ಕೆ ಪಂಪ್ ಕಾರಣ ಅಲ್ಲ. ಜೋಕರ್ ವಾಲ್ವ್ (ಹೊರಗೆ ತಳ್ಳಿದ್ದು ವಾಪಸ್ ಬರದಂತೆ ತಡೆಯುವ ರಬ್ಬರ್ ವಾಲ್ವ್) ಅಲ್ಲ. ಪೈಪಿನೊಳಗೆ ಕಟ್ಟಿದ್ದ ಸುಣ್ಣವೂ ಅಲ್ಲ. ಅದನ್ನೆಲ್ಲ ಬಿಚ್ಚಿ ತೊಳೆದ ಮೇಲೇ ಇದು ಗೊತ್ತಾಗಿದ್ದು ಅನ್ನೋದು ಬೇರೆ ಮಾತು.

ಕಾಲೇಜಿನ ಹಳೇ ಗ್ಯಾಂಗ್ ಗ್ರೀಸ್‌ನ ಲೆಫ್ಕಾದ ದ್ವೀಪದಲ್ಲಿ ಬೋಟ್ ಹತ್ತಿದ್ದು, ಪಕ್ಕದ ಮೆಗಾನಿಸಿ ದ್ವೀಪದಲ್ಲಿ ಈಜಾಡಿದ್ದು, ಇಥಾಕಾ ದ್ವೀಪದ ಸೂರ್ಯಾಸ್ತ, ಎಲ್ಲ ಅವರವರ ಫೋನ್‌ನಲ್ಲಿ ಇದೆ ಬಿಡಿ. ಮೆತ್ತನೆಯ ಬ್ಯಾಗ್ ತನ್ನಿ ಅಂತ ಬಡ್ಕೊಂಡರೂ ಗಟ್ಟಿ ಸೂಟ್‌ಕೇಸ್‌ಗಳೇ ಬಂದವು, ಅದೂ ನಿಮಗೆ ಗೊತ್ತಿರುವ ಕತೆಯೇ. ಮುಂಭಾಗದ ಕ್ಯಾಬಿನ್‌ನಲ್ಲಿ ಎಡಗಡೆ ಹಲಗೆಗೆ ಒತ್ತಿ ಪೇರಿಸಿದೆವು. ಈ ಹಲಗೆ ನೆನಪಿರಲಿ, ಮತ್ತೆ ಬರುತ್ತದೆ.

ಇಥಾಕಾದ ಕಿಯೋನಿ ಊರಲ್ಲಿ ಲಂಗರು ಹಾಕಿದ್ದಾಗ ಶುರುವಾಯಿತು. ಪಂಪ್ ಒತ್ತಿದರೆ ಕೆಳಗೆ ಹೋಗಲ್ಲ, ಜೋರಾಗಿ ಒತ್ತಿ ಕೈ ಬಿಟ್ಟರೆ ಹ್ಯಾಂಡಲ್ ತಾನಾಗೇ ಮೇಲೆ ಬರುತ್ತದೆ, ಹಿಂದೆಯೇ ಬೌಲ್‌ಗೆ ಕಂದು ನೀರು. ಜೋಕರ್ ವಾಲ್ವ್ ಅಂದುಕೊಂಡು ಬದಲಾಯಿಸಿದೆ. ಅರ್ಧ ದಿನ ಸರಿಯಿತ್ತು, ಆಮೇಲೆ ಅದೇ ರಾಗ. ವಾಲ್ವ್ ಕಿಟ್ ಕಳಿಸಿದ ಅಂಗಡಿಯವನದು ಇನ್ನೊಂದು ಕತೆ. ಮಾಡೆಲ್ ನಂಬರ್, ಫೋಟೋ, ಅಳತೆ ಎಲ್ಲ ಕೊಟ್ಟರೂ ಮೊದಲು ಬಂದಿದ್ದು ಎಲೆಕ್ಟ್ರಿಕ್ ಮಾಡೆಲ್‌ನ ಕಿಟ್. ವಾಪಸ್ ಕಳಿಸೋ ಖರ್ಚು ನಮ್ಮದೇ ಅಂತೆ!

ಗೆಳೆಯರ ಮೇಲೆ ಅನುಮಾನ ಬರೋದು ಸಹಜ ಅಲ್ವಾ? ಸಂಜೆ ಕಾಕ್‌ಪಿಟ್‌ನಲ್ಲಿ ವಿಚಾರಣೆ ನಡೆಯಿತು. "ಟಿಶ್ಯೂ ಹಾಕಿದ್ಯಾರು, ನಿಜ ಹೇಳ್ರೋ" ಅಂದೆ. "ಹಾಸ್ಟೆಲ್ ವಾರ್ಡನ್ ಥರ ಆಡ್ಬೇಡ ಕಣೋ, ಅಲ್ಲೂ ನೀನೇ ಬ್ಲಾಕ್ ಮಾಡ್ತಿದ್ದಿದ್ದು" ಅಂದ ಒಬ್ಬ. ವಿಚಾರಣೆ ಅಲ್ಲಿಗೇ ಮುಗಿಯಿತು.

ಮುಂದೆ ಪೈಪ್. ಮೂತ್ರ ಮತ್ತು ಸಮುದ್ರದ ನೀರು ಸೇರಿದರೆ ಸುಣ್ಣ ಕಟ್ಟೋದು ಎಲ್ಲ ಕಡೆಯ ಹಾಡು. ಮೆಡಿಟರೇನಿಯನ್ ನೀರು ಬೇರೆ ಜಾಸ್ತಿ ಉಪ್ಪು, ಕಿಲೋಗೆ 38 ಗ್ರಾಂ ಹತ್ತಿರ, ತೆರೆದ ಸಾಗರದಲ್ಲಿ 35ರ ಆಸುಪಾಸು. 38 ಮಿಲಿಮೀಟರ್ ಪೈಪ್ ಬಿಚ್ಚಿ ಕಟ್ಟೆಯ ಕಲ್ಲಿಗೆ ಬಡಿದರೆ ಬಿಳಿ ಚೂರುಗಳು ಉದುರಿದವು. ಪಕ್ಕದ ಬೋಟ್‌ನವರು ಕಾಫಿ ಕಪ್ ಹಿಡಿದು ಎದ್ದು ಹಿಂದಕ್ಕೆ ಹೋಗಿ ಕೂತರು. ಆದರೆ ಒಳಗೆ ಎರಡು ಬೆರಳು ಆರಾಮಾಗಿ ಹೋಗುವಷ್ಟು ಜಾಗ ಇನ್ನೂ ಇತ್ತು. ಅಷ್ಟು ಜಾಗ ಇರುವಾಗ ಪಂಪ್ ಯಾಕೆ ಬಿಗಿಯಬೇಕು? ಜೋಡಿಸಿದೆ, ಒತ್ತಿದೆ. ಬಿಗಿ.

ಕಗ್ಗಂಟು ಬಿಡಿಸಿದವನು ಬೋಟ್ ಬಗ್ಗೆ ಏನೂ ಗೊತ್ತಿಲ್ಲದ ಗೆಳೆಯ. ಕೆಫಲೋನಿಯಾ ದ್ವೀಪದ ಫಿಸ್ಕಾರ್ಡೊ ಕಟ್ಟೆಯಲ್ಲಿ ಕುಡಿಯುವ ನೀರು ತುಂಬಿಸಲು ಕಳಿಸಿದರೆ ಡೆಕ್ ಮೇಲಿನ ತಪ್ಪು ಮುಚ್ಚಳ ತಿರುಗಿಸಿದ. ಟಾಯ್ಲೆಟ್‌ನಿಂದ ಪಂಪ್ ಮಾಡಿದ್ದೆಲ್ಲ ಹೋಗಿ ಸೇರುವ ಕೊಳಚೆ ಟ್ಯಾಂಕಿನದು! ಬುಸ್ ಅಂತ ಗಾಳಿ ಹೊರಗೆ ನುಗ್ಗಿತು, ಇವನು ನೀರಿನ ಪೈಪ್ ಬಿಸಾಕಿ ಓಡಿದ. ನಾನು ಒಳಗೆ ಅದೇ ಹೊತ್ತಿಗೆ ಪಂಪ್ ಜೊತೆ ಗುದ್ದಾಡುತ್ತಿದ್ದೆ. ಹ್ಯಾಂಡಲ್ ಬೆಣ್ಣೆಯಂತೆ ಇಳಿಯಿತು.

ಟ್ಯಾಂಕ್ ಒಳಗಿನ ಗಾಳಿಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ, ಅಷ್ಟೇ. ಒಂದು ಲೀಟರ್ ಒಳಗೆ ಹೋಗಬೇಕಾದರೆ ಒಂದು ಲೀಟರ್ ಗಾಳಿ ವೆಂಟ್‌ನಿಂದ, ಅಂದರೆ ಟ್ಯಾಂಕಿನಿಂದ ಬೋಟ್‌ನ ಪಕ್ಕದ ತೂತಿಗೆ ಹೋಗುವ ಗಾಳಿ ಪೈಪಿನಿಂದ, ಹೊರಬೀಳಬೇಕು. ಇಲ್ಲದಿದ್ದರೆ ಒತ್ತಡ ಏರುತ್ತದೆ, ಎಷ್ಟೇ ಹೊಸ ಜೋಕರ್ ವಾಲ್ವ್ ಹಾಕಿದರೂ ಸೋಲುತ್ತದೆ. ತೆರೆದ ಸಮುದ್ರಕ್ಕೆ ಹೋಗಿ ಟ್ಯಾಂಕ್ ಖಾಲಿ ಮಾಡುವಾಗ ಅರ್ಧಕ್ಕೇ ನಿಲ್ಲುತ್ತಿತ್ತಲ್ಲ, ಅದೂ ಇದರಿಂದಲೇ, ಒಳಗೆ ಗಾಳಿ ಬರದೆ.

ಸೂಟ್‌ಕೇಸ್ ಎಲ್ಲ ಎಳೆದು ಹಾಕಿ ಎಡಗಡೆ ಹಲಗೆ ಬಿಚ್ಚಿದೆ. ಅದರ ಹಿಂದೆ ವೆಂಟ್ ಪೈಪಿನ ನಡುವೆ ಇದ್ದಿಲಿನ ಫಿಲ್ಟರ್, ಹಿಂದಿನ ಮಾಲೀಕ ವಾಸನೆಗೆ ಅಂತ ಕೂರಿಸಿದ್ದು. ಕೈಗೆ ತಗೊಂಡರೆ ಇಟ್ಟಿಗೆಯಷ್ಟು ಭಾರ. ಡಿಂಗಿಗೆ (ಪುಟ್ಟ ರಬ್ಬರ್ ದೋಣಿ) ಗಾಳಿ ತುಂಬುವ ಕಾಲು ಪಂಪ್ ಸಿಕ್ಕಿಸಿ ತುಳಿದರೆ ಒಂದು ಗುಳ್ಳೆಯೂ ಹೊರಗೆ ಬರಲಿಲ್ಲ. ಇದ್ದಿಲು ಒದ್ದೆಯಾದರೆ ಅದರ ಕತೆ ಮುಗಿಯಿತು. ಒದ್ದೆಯಾಗಿದ್ದು ಹೇಗೆ ಅಂದರೆ, ಇಲ್ಲಿ ಮಧ್ಯಾಹ್ನ ವಾಯವ್ಯದಿಂದ ಮಾಯಿಸ್ತ್ರೋ ಅನ್ನೋ ಗಾಳಿ ಏಳುತ್ತದಲ್ಲ, ಇಥಾಕಾದ ಉತ್ತರದ ಮೂಲೆ ಸುತ್ತುವಾಗ ಬೋಟ್ ಎಡಕ್ಕೆ ವಾಲುತ್ತದೆ, ಜನ ಜಾಸ್ತಿ ಇದ್ದು ಟ್ಯಾಂಕ್ ತುಂಬಿದ್ದರೆ ಒಳಗಿನದು ಸೀದಾ ಎಡಗಡೆ ವೆಂಟ್‌ಗೆ.

ಫಿಲ್ಟರ್ ಕಿತ್ತು ಅಲ್ಲಿಗೆ ಸಾದಾ ಪೈಪ್ ತುಂಡು ಹಾಕಿದೆ. ವಾಸನೆ ಕಮ್ಮಿಯೇ ಆಗಿದೆ, ಗಾಳಿ ಆಡಿದರೆ ಗಬ್ಬು ನಾರುವ ಬ್ಯಾಕ್ಟೀರಿಯಾಗೆ ಕಷ್ಟ. ಪೈಪ್ ಬಿಗಿಯುವ ಕ್ಲಿಪ್‌ಗಳ ಬಗ್ಗೆ ಮಾತ್ರ ಬೈಯದೆ ಇರಲಾರೆ. 316 ಸ್ಟೇನ್‌ಲೆಸ್ (ಉಪ್ಪುನೀರಿಗೆ ಸುಲಭವಾಗಿ ತುಕ್ಕು ಹಿಡಿಯದ, ಆಯಸ್ಕಾಂತಕ್ಕೆ ಅಂಟದ ಉಕ್ಕು) ಅಂತ ಬರೆದಿದ್ದರು, ಪಟ್ಟಿಗೆ ಆಯಸ್ಕಾಂತ ಹಿಡಿಯಲ್ಲ, ಸ್ಕ್ರೂಗೆ ಗಬಕ್ಕನೆ ಹಿಡಿಯುತ್ತದೆ. ಸುಮ್ನೆ ಕಾಸು ದಂಡ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಆಯಸ್ಕಾಂತ ಇಟ್ಟುಕೊಳ್ಳಿ.

ಗೆಳೆಯರ ಸ್ನಾನದ ವೇಗ ನೋಡಿದ ಮೇಲೆ ಮುಂದಿನ ಕೆಲಸ ವಾಟರ್‌ಮೇಕರ್ (ಸಮುದ್ರದ ನೀರನ್ನು ಸಿಹಿನೀರು ಮಾಡುವ ಯಂತ್ರ) ಅಂತ ತೀರ್ಮಾನ ಮಾಡಿದ್ದೇನೆ. 55 ಬಾರ್ ಒತ್ತಡದ ಪಂಪ್, 12 ವೋಲ್ಟ್‌ದೋ ಎಂಜಿನ್ ಬೆಲ್ಟಿನದೋ ಇನ್ನೂ ಜಗಳ ನಡೆದಿದೆ, ಬ್ಯಾಟರಿ ಲೆಕ್ಕ ಹಾಕಿದಷ್ಟೂ ಬೆಲ್ಟ್ ಕಡೆಗೇ ಮನಸ್ಸು. ಅದಕ್ಕೂ ಮುಂಚೆ ಚಳಿಗಾಲದಲ್ಲಿ ಬೋಟ್ ಮೇಲೆತ್ತಿದಾಗ ವೆಂಟ್ 16ರಿಂದ 25 ಮಿಲಿಮೀಟರ್‌ಗೆ ಏರಿಸಿ, ಬಲಗಡೆಯೂ ಒಂದು ಕೊರೆಯಬೇಕು. ಮುಂದಿನ ವರ್ಷ ಟರ್ಕಿಗೆ ಹೋಗುವ ಯೋಚನೆಯಿದೆ, ಅಲ್ಲಿ ಕೊಳಚೆ ಟ್ಯಾಂಕ್ ಪಂಪ್ ಔಟ್ ಮಾಡಿಸಿದ (ಹೀರಿಸಿ ಖಾಲಿ ಮಾಡಿಸಿದ) ಲೆಕ್ಕಕ್ಕೆ ಮಾವಿ ಕಾರ್ಟ್, ಅಂದರೆ ನೀಲಿ ಕಾರ್ಡ್, ಅಂತ ಕಾರ್ಡೇ ಇದೆ. ಎರಡೂ ಕಡೆ ವೆಂಟ್ ಇಟ್ಟವರು ಯಾರಾದರೂ ಇದ್ದರೆ ಹೇಳಿ, ಬಲಕ್ಕೆ ವಾಲಿದಾಗ ಆ ತೂತಿನಿಂದ ಸಮುದ್ರದ ನೀರು ಒಳಗೆ ಬರುತ್ತದಾ? ಪೈಪ್ ಅನ್ನು ಡೆಕ್ ಕೆಳಗಿನವರೆಗೆ ಏರಿಸಿ ಬಳುಕಿಸಿದರೆ ಸಾಕಾ?